ಒಂದೇ ಕಮಾಂಡ್ ಹಾಕಿದರೆ ಲ್ಯಾಪ್‌ಟಾಪ್ ಹತ್ತು ಪಟ್ಟು ವೇಗವಾಗುತ್ತದೆಯೇ? ಲಿನಕ್ಸ್‌ನ ‘ಲೆಕ್ಕದ ಲೈಬ್ರರಿ’ಗಳ ಬಗ್ಗೆ ನಿಜ ಏನು, ಸುಳ್ಳು ಏನು

ಕುಂದಲಹಳ್ಳಿ ಗೇಟ್, ಎಇಸಿಎಸ್ ಲೇಔಟ್, ಬ್ರೂಕ್‌ಫೀಲ್ಡ್ ಸುತ್ತಮುತ್ತ ಪಿಜಿಗಳಲ್ಲಿ ಇದ್ದುಕೊಂಡು ಡೇಟಾ ಸೈನ್ಸ್, ಮಷಿನ್ ಲರ್ನಿಂಗ್ ಕಲಿಯುವವರಿಗೆ ಲೆಕ್ಕವಿಲ್ಲ. ಅವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಆರೋಗ್ಯದ ಮನೆಮದ್ದಿನಂತೆ ಕಂಪ್ಯೂಟರ್ ಮನೆಮದ್ದುಗಳೂ ಹರಿದಾಡುತ್ತವೆ. ‘ಪೈಥಾನ್ ನಿಧಾನವೇ? ಲೈಬ್ರರಿಯನ್ನು ನೀವೇ ಕಂಪೈಲ್ ಮಾಡಿ, ಹತ್ತು ಪಟ್ಟು ವೇಗ’, ‘ಎಎಂಡಿ ಲ್ಯಾಪ್‌ಟಾಪ್ ಇದ್ದರೆ ಈ ಒಂದು ಸಾಲು ಸೇರಿಸಿ’, ‘ಇನ್‌ಸ್ಟಾಲ್ ಆಗದಿದ್ದರೆ ಮುಂದೆ ಸುಡೊ ಹಾಕಿ’ ಎಂಬ ಧಾಟಿಯ ಸಂದೇಶಗಳು ಅವು.

ಇವುಗಳಲ್ಲಿ ಕೆಲವು ಅರ್ಧ ಸತ್ಯ. ಕೆಲವು ಒಂದು ಕಾಲದಲ್ಲಿ ನಿಜವಾಗಿದ್ದವು, ಈಗ ಅಲ್ಲ. ಇನ್ನು ಕೆಲವನ್ನು ಪಾಲಿಸಿದರೆ ಲ್ಯಾಪ್‌ಟಾಪ್ ಮತ್ತೆ ಆನ್ ಆಗುವುದೇ ಕಷ್ಟ. ಒಂದೇ ಲ್ಯಾಪ್‌ಟಾಪ್ ನಂಬಿಕೊಂಡು ಪ್ರಾಜೆಕ್ಟ್ ಮುಗಿಸಬೇಕಾದವರಿಗೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ನಾವು ಇಂಥ ಐದು ಹೇಳಿಕೆಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸಿದ್ದೇವೆ. ಅದಕ್ಕೂ ಮೊದಲು ಈ ಲೈಬ್ರರಿಗಳು ಏನು, ಯಾಕೆ ಬೇಕು ಎಂದು ನೋಡೋಣ.

ಮ್ಯಾಟ್ರಿಕ್ಸ್ ಲೆಕ್ಕ ಎಂದರೇನು?

ಮೂವರು ಗೆಳೆಯರು ಒಂದು ತಿಂಗಳು ದರ್ಶಿನಿಯಲ್ಲಿ ತಿಂಡಿ ತಿಂದರು ಎಂದುಕೊಳ್ಳಿ. ಯಾರು ಎಷ್ಟು ಇಡ್ಲಿ, ಎಷ್ಟು ದೋಸೆ, ಎಷ್ಟು ಕಾಫಿ ತೆಗೆದುಕೊಂಡರು ಎಂಬುದು ಒಂದು ಕೋಷ್ಟಕ. ಎರಡು ಹೋಟೆಲುಗಳಲ್ಲಿ ಇವುಗಳ ದರ ಎಷ್ಟು ಎಂಬುದು ಇನ್ನೊಂದು ಕೋಷ್ಟಕ. ಮೊದಲನೆಯವನು 10 ಪ್ಲೇಟ್ ಇಡ್ಲಿ, 4 ದೋಸೆ, 20 ಕಾಫಿ ತೆಗೆದುಕೊಂಡಿದ್ದಾನೆ. ಒಂದು ಹೋಟೆಲಿನಲ್ಲಿ ಇಡ್ಲಿಗೆ 40, ದೋಸೆಗೆ 70, ಕಾಫಿಗೆ 20 ರೂಪಾಯಿ. ಹಾಗಾದರೆ 400, 280 ಮತ್ತು 400 ಸೇರಿ 1,080 ರೂಪಾಯಿ. ಇನ್ನೊಂದು ಹೋಟೆಲಿನಲ್ಲಿ ದರ 50, 60, 15. ಅಲ್ಲಿ 500, 240, 300 ಸೇರಿ 1,040 ರೂಪಾಯಿ.

ಹೀಗೆ ಮೂವರಿಗೂ, ಎರಡೂ ಹೋಟೆಲಿಗೂ ಬಿಲ್ ಲೆಕ್ಕ ಹಾಕಿದರೆ ಆರು ಉತ್ತರಗಳ ಹೊಸ ಕೋಷ್ಟಕ ಸಿಗುತ್ತದೆ. ಇದೇ ಮ್ಯಾಟ್ರಿಕ್ಸ್ ಗುಣಾಕಾರ. ಇಂಥ ಕೋಷ್ಟಕಗಳ ಗಣಿತಕ್ಕೆ ಲೀನಿಯರ್ ಆಲ್ಜೀಬ್ರಾ ಎಂದು ಹೆಸರು.

ಇಲ್ಲಿ 18 ಗುಣಾಕಾರ ಸಾಕಾಯಿತು. ಆದರೆ ಕೋಷ್ಟಕ ದೊಡ್ಡದಾದಂತೆ ಕೆಲಸ ವಿಪರೀತ ಬೆಳೆಯುತ್ತದೆ. 1,000 ಸಾಲು, 1,000 ಕಂಬಗಳಿರುವ ಎರಡು ಮ್ಯಾಟ್ರಿಕ್ಸ್‌ಗಳನ್ನು ಮಾಮೂಲಿ ಕ್ರಮದಲ್ಲಿ ಗುಣಿಸಲು ಸುಮಾರು 200 ಕೋಟಿ ಕೂಡು-ಗುಣಿಸುಗಳು ಬೇಕು. 5,000ಕ್ಕೆ 5,000 ಆದರೆ 25,000 ಕೋಟಿ! ಫೋಟೋದಲ್ಲಿ ಮುಖ ಗುರುತಿಸುವುದು, ಭಾಷಾಂತರ ಮಾಡುವ ಎಐ, ಸೇತುವೆಯ ಬಲ ಲೆಕ್ಕ ಹಾಕುವ ಸಾಫ್ಟ್‌ವೇರ್ ಇವೆಲ್ಲದರ ಒಳಗೆ ನಡೆಯುವುದು ಬಹುಪಾಲು ಇದೇ ಕೆಲಸ.

ಬ್ಲಾಸ್, ಲಾಪ್ಯಾಕ್ ಯಾರು ತಂದದ್ದು?

ಪ್ರತಿಯೊಬ್ಬರೂ ಈ ಲೆಕ್ಕಕ್ಕೆ ಹೊಸದಾಗಿ ಪ್ರೋಗ್ರಾಂ ಬರೆಯಬೇಕಾಗಿಲ್ಲ. 1979ರಲ್ಲಿ ಅಮೆರಿಕದ ಕೆಲವು ಗಣಿತ ಸಾಫ್ಟ್‌ವೇರ್ ತಜ್ಞರು ಒಂದು ಪಟ್ಟಿ ಪ್ರಕಟಿಸಿದರು. ‘ಈ ಹೆಸರಿನ ಫಂಕ್ಷನ್ ಕರೆದರೆ ಈ ಲೆಕ್ಕ ಆಗಬೇಕು’ ಎಂಬ ಒಪ್ಪಂದದ ಪಟ್ಟಿ ಅದು. ಇದಕ್ಕೆ ‘ಬ್ಲಾಸ್’ ಎಂದು ಹೆಸರು. 1988ರಲ್ಲಿ ಎರಡನೇ ಹಂತ, 1990ರಲ್ಲಿ ಮ್ಯಾಟ್ರಿಕ್ಸ್ ಗುಣಾಕಾರ ಇರುವ ಮೂರನೇ ಹಂತ ಸೇರಿದವು. ಬ್ಲಾಸ್ ಮೇಲೆ ನಿಂತು ಸಮೀಕರಣಗಳನ್ನು ಬಿಡಿಸುವಂಥ ದೊಡ್ಡ ಕೆಲಸ ಮಾಡುವ ‘ಲಾಪ್ಯಾಕ್’ 1992ರಲ್ಲಿ ಬಂತು. ಈ ಕೆಲಸದಲ್ಲಿ ದಶಕಗಳಿಂದ ತೊಡಗಿದ್ದ ಜ್ಯಾಕ್ ಡೊಂಗಾರಾ ಅವರಿಗೆ 2021ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿದೆ.

ಇಲ್ಲಿ ಮುಖ್ಯವಾದ ಸಂಗತಿ ಎಂದರೆ, ಬ್ಲಾಸ್ ಒಂದೇ ಸಾಫ್ಟ್‌ವೇರ್ ಅಲ್ಲ. ಅದೊಂದು ಒಪ್ಪಂದ. ಒಂದೇ ಅಳತೆಯ ಪ್ಲಗ್ಗನ್ನು ಹಲವು ಕಂಪನಿಗಳು ತಯಾರಿಸುವಂತೆ ಬ್ಲಾಸ್ ಅನ್ನೂ ಹಲವರು ತಯಾರಿಸಿದ್ದಾರೆ:

• ರೆಫರೆನ್ಸ್ ಬ್ಲಾಸ್: ಮೂಲ ಮಾದರಿ. ಸರಳ, ನಂಬಿಕಸ್ಥ, ಆದರೆ ನಿಧಾನ.
• ಅಟ್ಲಾಸ್: ಕಂಪೈಲ್ ಮಾಡುವಾಗಲೇ ನಿಮ್ಮ ಕಂಪ್ಯೂಟರಿನ ಮೇಲೆ ಪ್ರಯೋಗ ಮಾಡಿ ತಕ್ಕ ರೂಪ ಆರಿಸಿಕೊಳ್ಳುವುದು. 1990ರ ದಶಕದ ಕೊನೆಯಲ್ಲಿ ಬಂದದ್ದು.
• ಓಪನ್‌ಬ್ಲಾಸ್: ಜಪಾನಿನ ಕಜುಶಿಗೆ ಗೊಟೊ ಬರೆದ ‘ಗೊಟೊಬ್ಲಾಸ್’ ಆಧರಿಸಿ 2011ರಲ್ಲಿ ಚೀನಾದಲ್ಲಿ ಶುರುವಾದದ್ದು. ಉಚಿತ, ಮುಕ್ತ ತಂತ್ರಾಂಶ.
• ಎಂಕೆಎಲ್: ಇಂಟೆಲ್ ಕಂಪನಿಯದು. ಉಚಿತವಾಗಿ ಸಿಗುತ್ತದೆ, ಆದರೆ ಮೂಲ ಕೋಡ್ ತೆರೆದಿಲ್ಲ.
• ಬ್ಲಿಸ್: ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ್ದು. ಎಎಂಡಿ ಕಂಪನಿ ತನ್ನ ಪ್ರೊಸೆಸರ್‌ಗಳಿಗೆ ತಕ್ಕಂತೆ ಇದನ್ನೇ ತಿದ್ದಿ ಹಂಚುತ್ತದೆ.

ಇಂಟೆಲ್, ಎಎಂಡಿ ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಕೇಂದ್ರಗಳಿವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ಇದೇ ಊರಿನಲ್ಲಿ. ಹಾಗಾಗಿ ‘ಅವರ ಚಿಪ್ ಒಳ್ಳೆಯದಾ, ಇವರದ್ದಾ’ ಎಂಬ ಚರ್ಚೆ ಇಲ್ಲಿನ ಚಹಾ ಅಂಗಡಿಗಳಿಗೂ ಹೊಸದಲ್ಲ.

ಲೆಕ್ಕ ಒಂದೇ ಆದರೂ ವೇಗ ಯಾಕೆ ಬೇರೆ?

ಎರಡು ಕಾರಣಗಳಿವೆ.

ಮೊದಲನೆಯದು ಮೆಮೊರಿ. ಅಡುಗೆ ಮಾಡುವಾಗ ಒಂದೊಂದು ಈರುಳ್ಳಿ ಬೇಕಾದಾಗಲೂ ಅಂಗಡಿಗೆ ಓಡಿದರೆ ಅಡುಗೆ ಮುಗಿಯುವುದು ಯಾವಾಗ? ಒಂದು ಚೀಲ ತಂದು ಕೈಗೆಟಕುವಂತೆ ಇಟ್ಟುಕೊಂಡರೆ ಕೆಲಸ ಬೇಗ. ಪ್ರೊಸೆಸರ್‌ಗೆ ರ್‍ಯಾಮ್ ಎಂದರೆ ದೂರದ ಅಂಗಡಿ. ಪ್ರೊಸೆಸರ್ ಒಳಗೇ ಇರುವ ಸಣ್ಣ ‘ಕ್ಯಾಶ್’ ಮೆಮೊರಿ ಎಂದರೆ ಅಡುಗೆಮನೆಯ ಡಬ್ಬಿ. ಒಳ್ಳೆಯ ಬ್ಲಾಸ್ ದೊಡ್ಡ ಮ್ಯಾಟ್ರಿಕ್ಸನ್ನು ಕ್ಯಾಶ್‌ನಲ್ಲಿ ಹಿಡಿಸುವಷ್ಟು ತುಂಡುಗಳಾಗಿ ಮಾಡಿ, ತಂದ ತುಂಡನ್ನು ಪೂರ್ತಿ ಬಳಸಿಕೊಂಡೇ ಮುಂದಿನದಕ್ಕೆ ಹೋಗುತ್ತದೆ.

ಎರಡನೆಯದು ಒಂದೇ ಏಟಿಗೆ ಹಲವು ಲೆಕ್ಕ ಮಾಡುವ ಶಕ್ತಿ. ಇಡ್ಲಿ ತಟ್ಟೆಯಲ್ಲಿ ಕುಳಿಗಳು ಹೆಚ್ಚಿದ್ದಷ್ಟೂ ಒಂದೇ ಹಬೆಯಲ್ಲಿ ಹೆಚ್ಚು ಇಡ್ಲಿ ಬೇಯುತ್ತವೆ ಅಲ್ಲವೇ? ಹಾಗೆಯೇ ಹಳೆಯ ಎಸ್‌ಎಸ್‌ಇ2 ಸೂಚನೆಗಳಲ್ಲಿ ಒಮ್ಮೆಗೆ 2 ಸಂಖ್ಯೆ, ಎವಿಎಕ್ಸ್2ರಲ್ಲಿ 4, ಎವಿಎಕ್ಸ್-512ರಲ್ಲಿ 8 ಸಂಖ್ಯೆಗಳ ಮೇಲೆ ಕೆಲಸ ಆಗುತ್ತದೆ. ಯಾವ ಪ್ರೊಸೆಸರ್‌ಗೆ ಯಾವ ‘ತಟ್ಟೆ’ ಇದೆಯೋ ಅದನ್ನು ಬಳಸುವಂತೆ ಕೋಡ್ ಇರಬೇಕು. ಇಲ್ಲದಿದ್ದರೆ ದೊಡ್ಡ ತಟ್ಟೆ ಇದ್ದೂ ಎರಡೇ ಇಡ್ಲಿ ಬೇಯಿಸಿದಂತೆ.

ಈ ಎರಡೂ ಸೇರಿದಾಗ ರೆಫರೆನ್ಸ್ ಬ್ಲಾಸ್‌ಗೂ ಓಪನ್‌ಬ್ಲಾಸ್‌ಗೂ ದೊಡ್ಡ ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸ ಬರುವುದುಂಟು. ಫಾರ್ವರ್ಡ್‌ಗಳಲ್ಲಿ ಬರುವ ‘ಹತ್ತು ಪಟ್ಟು’ ಹುಟ್ಟಿದ್ದು ಇಲ್ಲಿಂದ.

ಕಂಪೈಲ್, ಪ್ಯಾಕೇಜ್ ಅಂದರೆ?

ಮನುಷ್ಯರು ಬರೆದ ಕೋಡನ್ನು ಪ್ರೊಸೆಸರ್‌ಗೆ ಅರ್ಥವಾಗುವ ರೂಪಕ್ಕೆ ತರುವುದೇ ಕಂಪೈಲ್. ಹೀಗೆ ತಯಾರಾದ ಲೈಬ್ರರಿಯನ್ನು ‘ಇದಕ್ಕೆ ಇನ್ನೇನು ಬೇಕು, ಯಾವ ಆವೃತ್ತಿ, ಎಲ್ಲಿ ಇಡಬೇಕು’ ಎಂಬ ವಿವರದೊಂದಿಗೆ ಕಟ್ಟಿಕೊಡುವುದು ಪ್ಯಾಕೇಜ್. ಡೆಬಿಯನ್, ಉಬುಂಟು, ಫೆಡೋರಾ ಮುಂತಾದ ಲಿನಕ್ಸ್ ವಿತರಣೆಗಳಲ್ಲಿ ಈ ಕೆಲಸ ಮಾಡುವವರೇ ಬೇರೆ ಇರುತ್ತಾರೆ. ಅವರು ಕಂಪೈಲ್ ಮಾಡಿ, ಪರೀಕ್ಷಿಸಿ, ಡಿಜಿಟಲ್ ಸಹಿ ಹಾಕಿ ಹಂಚುತ್ತಾರೆ.

ಪ್ಯಾಕೇಜ್ ಮಾಡುವವರಿಗೆ ಒಂದು ಇಕ್ಕಟ್ಟಿದೆ. ಎಲ್ಲರ ಕಂಪ್ಯೂಟರಿನಲ್ಲೂ ಓಡಬೇಕು ಎಂದರೆ ಹಳೆಯ ಪ್ರೊಸೆಸರ್‌ಗೂ ಹೊಂದಬೇಕು. ವೇಗವಾಗಿ ಓಡಬೇಕು ಎಂದರೆ ಹೊಸ ಸೂಚನೆಗಳನ್ನು ಬಳಸಬೇಕು. ಓಪನ್‌ಬ್ಲಾಸ್ ಇದಕ್ಕೆ ಜಾಣ ದಾರಿ ಕಂಡುಕೊಂಡಿದೆ. ಹಲವು ಪ್ರೊಸೆಸರ್‌ಗಳಿಗೆ ತಕ್ಕ ಕೋಡನ್ನು ಒಂದೇ ಲೈಬ್ರರಿಯಲ್ಲಿ ತುಂಬಿ, ಪ್ರೋಗ್ರಾಂ ಶುರುವಾದಾಗ ‘ಇದು ಯಾವ ಪ್ರೊಸೆಸರ್’ ಎಂದು ನೋಡಿ ಸರಿಯಾದದ್ದನ್ನು ಆರಿಸುತ್ತದೆ. ಇದಕ್ಕೆ ‘ಡೈನಾಮಿಕ್ ಆರ್ಕ್’ ಎನ್ನುತ್ತಾರೆ. ಡೆಬಿಯನ್, ಉಬುಂಟು ಕೊಡುವ ಓಪನ್‌ಬ್ಲಾಸ್ ಹೀಗೆಯೇ ತಯಾರಾಗಿದೆ.

ಈಗ ಹೇಳಿಕೆಗಳಿಗೆ ಬರೋಣ.

ಹೇಳಿಕೆ 1: ‘ಲೈಬ್ರರಿಯನ್ನು ನೀವೇ ಕಂಪೈಲ್ ಮಾಡಿದರೆ ಹತ್ತು ಪಟ್ಟು ವೇಗ’

ಅರ್ಧ ಸತ್ಯ. ವೇಗ ಸಿಗುವುದು ‘ನಾವೇ ಕಂಪೈಲ್’ ಮಾಡಿದ್ದರಿಂದ ಅಲ್ಲ, ನಿಧಾನದ ಬ್ಲಾಸ್ ಬಿಟ್ಟು ವೇಗದ ಬ್ಲಾಸ್‌ಗೆ ಬಂದದ್ದರಿಂದ. ಉಬುಂಟುವಿನಲ್ಲಿ ಸಿಸ್ಟಂ ಪ್ಯಾಕೇಜಾಗಿ ನಂಪೈ ಹಾಕಿಕೊಂಡರೆ ಜೊತೆಗೆ ರೆಫರೆನ್ಸ್ ಬ್ಲಾಸ್ ಮಾತ್ರ ಬಂದಿರಬಹುದು. ಆಗ ಪ್ಯಾಕೇಜ್ ಮ್ಯಾನೇಜರ್‌ನಿಂದ ಓಪನ್‌ಬ್ಲಾಸ್ ಒಂದನ್ನು ಹಾಕಿಕೊಂಡರೆ ಸಾಕು. ಅಲ್ಲಿನ ‘ಆಲ್ಟರ್ನೇಟಿವ್ಸ್’ ವ್ಯವಸ್ಥೆ ತಾನಾಗಿಯೇ ಅದಕ್ಕೆ ಆದ್ಯತೆ ಕೊಡುತ್ತದೆ. ಒಂದು ಸಾಲೂ ಕಂಪೈಲ್ ಮಾಡಬೇಕಾಗಿಲ್ಲ. ಫೆಡೋರಾದಲ್ಲಿ ಇದೇ ಕೆಲಸಕ್ಕೆ 2020ರ 33ನೇ ಆವೃತ್ತಿಯಿಂದ ‘ಫ್ಲೆಕ್ಸಿಬ್ಲಾಸ್’ ಇದೆ. ಪ್ರೋಗ್ರಾಂ ಮುಟ್ಟದೆ ಹಿಂದಿನ ಬ್ಲಾಸ್ ಬದಲಿಸಿಕೊಳ್ಳಬಹುದು.

ಪಿಪ್ ಮೂಲಕ ನಂಪೈ ಹಾಕಿಕೊಂಡವರಿಗೆ ಅದೂ ಬೇಡ. ಲಿನಕ್ಸ್‌ಗಾಗಿ ಕಟ್ಟಿದ ನಂಪೈ ಪ್ಯಾಕೇಜಿನ ಒಳಗೇ ಓಪನ್‌ಬ್ಲಾಸ್‌ನ ಒಂದು ಪ್ರತಿ ಕೂತಿರುತ್ತದೆ. ಅಂದರೆ ಸಿಸ್ಟಂನ ಬ್ಲಾಸ್ ಎಷ್ಟೇ ಕಷ್ಟಪಟ್ಟು ಬದಲಿಸಿದರೂ ಈ ನಂಪೈ ಅದನ್ನು ತಿರುಗಿಯೂ ನೋಡುವುದಿಲ್ಲ. ಫಾರ್ವರ್ಡ್ ನೋಡಿ ರಾತ್ರಿಯೆಲ್ಲ ಕಂಪೈಲ್ ಮಾಡಿದವರಿಗೆ ಬೆಳಿಗ್ಗೆ ವ್ಯತ್ಯಾಸ ಕಾಣದಿದ್ದರೆ ಕಾರಣ ಇದೇ ಇರಬಹುದು.

ತಾವೇ ಕಂಪೈಲ್ ಮಾಡುವುದರಲ್ಲಿ ಅಪಾಯಗಳೂ ಇವೆ. ಮುಖ್ಯವಾದ ಮೂರನ್ನು ನೋಡಿ.

ಒಂದು, ‘ಮಾರ್ಚ್ ನೇಟಿವ್’ ಎಂಬ ಆಯ್ಕೆ. ಇದು ‘ಈ ಪ್ರೊಸೆಸರ್‌ಗೆ ಇರುವ ಎಲ್ಲ ಸೂಚನೆಗಳನ್ನೂ ಬಳಸು’ ಎಂದು ಕಂಪೈಲರ್‌ಗೆ ಹೇಳುತ್ತದೆ. ಆಫೀಸಿನ ಹೊಸ ಮಷಿನ್‌ನಲ್ಲಿ ಹೀಗೆ ತಯಾರಿಸಿದ ಫೈಲನ್ನು ಮನೆಯ ಹಳೆಯ ಲ್ಯಾಪ್‌ಟಾಪ್‌ಗೆ ನಕಲು ಮಾಡಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಪ್ರೋಗ್ರಾಂ ನಿಂತುಹೋಗಬಹುದು. ಇದು ಕಾನೂನಿನ ಮಾತಲ್ಲ, ವೈರಸ್ಸೂ ಅಲ್ಲ. ‘ಈ ಸೂಚನೆ ನನಗೆ ಗೊತ್ತಿಲ್ಲ’ ಎಂದು ಪ್ರೊಸೆಸರ್ ಹೇಳುತ್ತಿದೆ, ಅಷ್ಟೇ.

ಎರಡು, ಪೂರ್ಣಾಂಕದ ಅಳತೆ. ಸಾಮಾನ್ಯ ಬ್ಲಾಸ್ 32 ಬಿಟ್‌ನ ಪೂರ್ಣಾಂಕ ಬಳಸುತ್ತದೆ. ಅದರ ಗರಿಷ್ಠ ಮಿತಿ 2,14,74,83,647. ಒಂದು ಬದಿಗೆ 46,341 ಇರುವ ಚೌಕ ಮ್ಯಾಟ್ರಿಕ್ಸ್‌ನ ಒಟ್ಟು ಅಂಶಗಳು ಈ ಮಿತಿಯನ್ನು ದಾಟುತ್ತವೆ. ಅಷ್ಟು ದೊಡ್ಡದಕ್ಕೆ 64 ಬಿಟ್‌ನ ಬ್ಲಾಸ್ ಬೇಕಾಗಬಹುದು. ಆದರೆ 32 ಬಿಟ್ ನಿರೀಕ್ಷಿಸುವ ಪ್ರೋಗ್ರಾಂಗೆ 64 ಬಿಟ್ ಲೈಬ್ರರಿ ಜೋಡಿಸಿದರೆ ಅದು ಕುಸಿಯಬಹುದು. ಕೆಲವೊಮ್ಮೆ ಕುಸಿಯದೆಯೇ ತಪ್ಪು ಉತ್ತರ ಕೊಡಬಹುದು. ಕುಸಿದರೆ ಕನಿಷ್ಠ ನಮಗೆ ಗೊತ್ತಾಗುತ್ತದೆ. ಸದ್ದಿಲ್ಲದ ತಪ್ಪು ಹೆಚ್ಚು ಅಪಾಯಕಾರಿ.

ಮೂರು, ‘ಫಾಸ್ಟ್ ಮ್ಯಾತ್’ ಆಯ್ಕೆ. ಹೆಸರು ಕೇಳಿದರೆ ಹಾಕಿಬಿಡೋಣ ಅನಿಸುತ್ತದೆ. ಇದು ಲೆಕ್ಕದ ಕ್ರಮ ಬದಲಿಸಲು, ‘ಸಂಖ್ಯೆಯೇ ಅಲ್ಲದ’ ಉತ್ತರ ಬಂದಾಗ ಗಮನಿಸದೆ ಬಿಡಲು ಕಂಪೈಲರ್‌ಗೆ ಅನುಮತಿ ಕೊಡುತ್ತದೆ. ಜಿಸಿಸಿ ಕಂಪೈಲರ್‌ನ 13ನೇ ಆವೃತ್ತಿಗೆ ಮೊದಲು ಇನ್ನೂ ಒಂದು ತೊಂದರೆ ಇತ್ತು. ಈ ಆಯ್ಕೆ ಹಾಕಿ ಕಟ್ಟಿದ ಯಾವುದೋ ಒಂದು ಸಣ್ಣ ಲೈಬ್ರರಿ ಲೋಡ್ ಆದರೂ ಅದನ್ನು ಲೋಡ್ ಮಾಡಿದ ಪ್ರೋಗ್ರಾಂ ಅತಿ ಸೂಕ್ಷ್ಮ ಸಂಖ್ಯೆಗಳನ್ನು ಸೊನ್ನೆ ಎಂದೇ ಎಣಿಸತೊಡಗುತ್ತಿತ್ತು. ಮನೆಗೆ ಬಂದ ಒಬ್ಬ ಅತಿಥಿ ಇಡೀ ಮನೆಯ ಗಡಿಯಾರಗಳನ್ನು ತಿರುಗಿಸಿಟ್ಟಂತೆ.

ಹೇಳಿಕೆ 2: ‘ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಡೇಟಾ ಸೈನ್ಸ್ ಆಗಲ್ಲ. ಈ ಒಂದು ಸಾಲು ಹಾಕಿದರೆ ಮಾತ್ರ ಸರಿಹೋಗುತ್ತೆ’

ಮೊದಲ ಭಾಗ ಸುಳ್ಳು. ಎರಡನೆಯದು ಹಳೆಯ ಸುದ್ದಿ.

ಇಂಟೆಲ್‌ನ ಎಂಕೆಎಲ್ ಶುರುವಾದಾಗ ಪ್ರೊಸೆಸರ್ ತಯಾರಿಸಿದ ಕಂಪನಿ ಯಾವುದು ಎಂದು ನೋಡುತ್ತಿತ್ತು. ಇಂಟೆಲ್ ಅಲ್ಲದಿದ್ದರೆ, ಎವಿಎಕ್ಸ್2 ಸೌಲಭ್ಯ ಇದ್ದರೂ ನಿಧಾನದ ದಾರಿ ಹಿಡಿಯುತ್ತಿತ್ತು. ಅನಕೊಂಡ ವಿತರಣೆಯ ನಂಪೈ ಎಂಕೆಎಲ್ ಬಳಸುತ್ತಿದ್ದುದರಿಂದ ಎಎಂಡಿ ಬಳಕೆದಾರರಿಗೆ ಇದು ತಟ್ಟಿತು. ಡೀಬಗ್‌ಗಾಗಿ ಇದ್ದ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 5 ಎಂದು ಬೆಲೆ ಕೊಟ್ಟರೆ ಎಂಕೆಎಲ್ ವೇಗದ ದಾರಿಗೆ ಬರುತ್ತದೆ ಎಂಬ ಉಪಾಯ 2019ರ ಕೊನೆಯಲ್ಲಿ ಜಗತ್ತಿನಾದ್ಯಂತ ಹರಡಿತು. ಆಗ ಅದು ನಿಜವಾಗಿಯೂ ಕೆಲಸ ಮಾಡುತ್ತಿತ್ತು.

ಆದರೆ 2020ರಲ್ಲೇ ಬಂದ ಎಂಕೆಎಲ್‌ನ ಅಪ್‌ಡೇಟ್‌ನಲ್ಲಿ ಇಂಟೆಲ್ ಆ ವೇರಿಯಬಲ್ ಅನ್ನು ತೆಗೆದುಹಾಕಿತು. ಈಗ ಅದನ್ನು ಹಾಕಿದರೆ ಲಾಭವೂ ಇಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಹಾಗಾಗಿಯೇ ಫಾರ್ವರ್ಡ್ ಇನ್ನೂ ಬದುಕಿದೆ. ಕೆಲಸ ಮಾಡದ ತಾಯತವನ್ನು ಕೈಯಿಂದ ತೆಗೆಯಲು ಯಾರಿಗೂ ನೆನಪಾಗುವುದಿಲ್ಲ!

ಹಾಗಾದರೆ ಎಎಂಡಿ ಇರುವವರು ಏನು ಮಾಡಬೇಕು? ಓಪನ್‌ಬ್ಲಾಸ್ ಅಥವಾ ಬ್ಲಿಸ್ ಬಳಸಿ. ಓಪನ್‌ಬ್ಲಾಸ್ ಕಂಪನಿಯ ಹೆಸರು ನೋಡಿ ತಾರತಮ್ಯ ಮಾಡುವುದಿಲ್ಲ, ಎಎಂಡಿಯ ಜೆನ್ ಪ್ರೊಸೆಸರ್‌ಗಳನ್ನು ಗುರುತಿಸುತ್ತದೆ. ಮೇಲೆ ಹೇಳಿದಂತೆ ಪಿಪ್‌ನ ನಂಪೈನಲ್ಲಿ ಇರುವುದು ಓಪನ್‌ಬ್ಲಾಸೇ. ಈ ಕಾರಣಕ್ಕಾಗಿಯೇ ಇರುವ ಲ್ಯಾಪ್‌ಟಾಪ್ ಮಾರಿ ಹೊಸದಕ್ಕೆ ಸಾಲ ಮಾಡುವ ಅಗತ್ಯವಿಲ್ಲ.

ಹೇಳಿಕೆ 3: ‘ಇನ್‌ಸ್ಟಾಲ್ ಆಗದಿದ್ದರೆ ಮುಂದೆ ಸುಡೊ ಹಾಕಿ, ಕೊನೆಗೆ ಬ್ರೇಕ್ ಸಿಸ್ಟಂ ಪ್ಯಾಕೇಜಸ್ ಸೇರಿಸಿ’

ಅಪಾಯಕಾರಿ ಸಲಹೆ. ಸುಡೊ ಎಂದರೆ ‘ಈ ಕೆಲಸವನ್ನು ಯಜಮಾನನ ಅಧಿಕಾರದಿಂದ ಮಾಡು’ ಎಂದರ್ಥ. ಆ ಅಧಿಕಾರದಲ್ಲಿ ನಡೆಯುವ ಕಮಾಂಡ್ ಇಡೀ ಕಂಪ್ಯೂಟರಿನ ಯಾವ ಫೈಲನ್ನು ಬೇಕಾದರೂ ಬದಲಿಸಬಹುದು, ಅಳಿಸಬಹುದು.

ಉಬುಂಟು, ಡೆಬಿಯನ್‌ಗಳಲ್ಲಿ ಆಪರೇಟಿಂಗ್ ಸಿಸ್ಟಂನ ಎಷ್ಟೋ ಉಪಕರಣಗಳು ಪೈಥಾನ್‌ನಲ್ಲೇ ಬರೆದವು. ಅವು ಬಳಸುವ ಲೈಬ್ರರಿಗಳ ಮೇಲೆ ಪಿಪ್ ಬೇರೆ ಆವೃತ್ತಿಯನ್ನು ತಂದು ಹೇರಿದರೆ ಅವು ಕೆಡಬಹುದು. ಇದನ್ನು ತಡೆಯಲೆಂದೇ 2023ರಲ್ಲಿ ಬಂದ ಉಬುಂಟು 23.04 ಮತ್ತು ಡೆಬಿಯನ್ 12ರಿಂದ ಪಿಪ್ ನೇರವಾಗಿ ಸಿಸ್ಟಂಗೆ ಹಾಕಲು ಒಪ್ಪುವುದಿಲ್ಲ. ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂಬ ದೋಷ ತೋರಿಸುತ್ತದೆ. ಅಂದರೆ, ‘ಈ ಪೈಥಾನ್ ಅನ್ನು ಬೇರೆಯವರು ನೋಡಿಕೊಳ್ಳುತ್ತಿದ್ದಾರೆ, ನೀವು ಕೈ ಹಾಕಬೇಡಿ’ ಎಂಬ ಎಚ್ಚರಿಕೆ.

ಆ ಎಚ್ಚರಿಕೆಯನ್ನು ದಾಟುವ ಆಯ್ಕೆಯ ಹೆಸರನ್ನೇ ಗಮನಿಸಿ. ಬ್ರೇಕ್ ಸಿಸ್ಟಂ ಪ್ಯಾಕೇಜಸ್ ಎಂದರೆ ‘ಸಿಸ್ಟಂ ಪ್ಯಾಕೇಜುಗಳನ್ನು ಮುರಿ’. ಹಣೆಯ ಮೇಲೇ ಬರೆದುಕೊಂಡಿರುವ ಅಪಾಯ ಇದು. ಇದಕ್ಕೆ ಬದಲು ‘ವೆನ್ವ್’ ಎಂಬ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು ಅದರೊಳಗೆ ಪಿಪ್ ಬಳಸಿ. ಸುಡೊ ಬೇಕಿಲ್ಲ. ಏನಾದರೂ ಕೆಟ್ಟರೆ ಆ ಒಂದು ಫೋಲ್ಡರ್ ಅಳಿಸಿದರೆ ಮುಗಿಯಿತು. ಪಿಜಿಯಲ್ಲಿ ನಿಮ್ಮ ಬೀರುವಿನ ಒಳಗೆ ಏನು ಬೇಕಾದರೂ ಜೋಡಿಸಿಕೊಳ್ಳಿ, ಗೋಡೆ ಒಡೆಯಬೇಡಿ.

ಹೇಳಿಕೆ 4: ‘ಎರಡು ಕಂಪ್ಯೂಟರಿನಲ್ಲಿ ಉತ್ತರ ಬೇರೆ ಬಂದರೆ ಒಂದರಲ್ಲಿ ವೈರಸ್ ಇದೆ’

ಸುಳ್ಳು. ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಸೀಮಿತ ಅಂಕಿಗಳಲ್ಲಿ ಹಿಡಿದಿಡುತ್ತದೆ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ. 0.30000000000000004 ಎಂದು ಬರುತ್ತದೆ. ಇದು ದೋಷವಲ್ಲ, ಆ ಲೆಕ್ಕದ ಸ್ವಭಾವ.

ಹೀಗಿರುವಾಗ ಕೂಡಿಸುವ ಕ್ರಮವೂ ಮುಖ್ಯವಾಗುತ್ತದೆ. 1ರ ಮುಂದೆ 16 ಸೊನ್ನೆ ಇರುವ ದಶಮಾಂಶ ಸಂಖ್ಯೆಗೆ 1 ಕೂಡಿಸಿ, ನಂತರ ಅದೇ ದೊಡ್ಡ ಸಂಖ್ಯೆಯನ್ನು ಕಳೆಯಿರಿ. ಕಂಪ್ಯೂಟರ್ 0 ಎನ್ನುತ್ತದೆ. ಮೊದಲು ದೊಡ್ಡದರಲ್ಲಿ ದೊಡ್ಡದನ್ನು ಕಳೆದು ಆಮೇಲೆ 1 ಕೂಡಿಸಿದರೆ 1 ಎನ್ನುತ್ತದೆ. ಬೇರೆ ಬೇರೆ ಬ್ಲಾಸ್‌ಗಳು, ಬೇರೆ ಬೇರೆ ಸಂಖ್ಯೆಯ ಥ್ರೆಡ್‌ಗಳು ಬೇರೆ ಕ್ರಮದಲ್ಲಿ ಕೂಡಿಸುತ್ತವೆ. ಹಾಗಾಗಿ ಕೊನೆಯ ಕೆಲವು ಅಂಕಿಗಳು ಬದಲಾಗುವುದು ಸಹಜ.

ಆದರೆ ಮೊದಲ ಅಂಕಿಗಳೇ ಬೇರೆಯಾದರೆ? ಆಗ ಲೆಕ್ಕವನ್ನೇ ಅನುಮಾನಿಸಬೇಕು. ಈ ಎರಡು ಸಮೀಕರಣ ನೋಡಿ: ಎಕ್ಸ್ ಮತ್ತು ವೈ ಕೂಡಿದರೆ 2, ಎಕ್ಸ್‌ಗೆ ವೈನ 1.0001 ಪಟ್ಟು ಕೂಡಿದರೆ 2.0001. ಉತ್ತರ ಎಕ್ಸ್ 1, ವೈ 1. ಈಗ 2.0001 ಅನ್ನು 2.0002 ಮಾಡಿ. ಉತ್ತರ ಎಕ್ಸ್ 0, ವೈ 2! ನಾಲ್ಕನೇ ದಶಮಾಂಶದಲ್ಲಿ ಒಂದು ಅಂಕಿ ಬದಲಾದರೆ ಉತ್ತರವೇ ತಲೆಕೆಳಗಾಯಿತು. ಇಂಥ ‘ಸೂಕ್ಷ್ಮ’ ಲೆಕ್ಕಗಳಲ್ಲಿ ತಪ್ಪು ಲೈಬ್ರರಿಯದ್ದಲ್ಲ, ಪ್ರಶ್ನೆ ಕೇಳಿದ ರೀತಿಯದ್ದು.

ಸರಳ ಪರೀಕ್ಷೆ ಒಂದಿದೆ. ಬಂದ ಉತ್ತರವನ್ನು ಮೂಲ ಸಮೀಕರಣಕ್ಕೇ ಹಾಕಿ ಎರಡೂ ಬದಿ ಹೊಂದುತ್ತದೆಯೇ ನೋಡಿ. ಹೊಂದದೇ ಇದ್ದರೆ ಲೈಬ್ರರಿ ಜೋಡಣೆಯಲ್ಲೇ ತೊಂದರೆ ಇರಬಹುದು. ಹೊಂದಿಯೂ ಉತ್ತರಗಳು ಬೇರೆಯಾದರೆ ಲೆಕ್ಕವೇ ಮೇಲಿನಂತೆ ಸೂಕ್ಷ್ಮವಾಗಿದೆ ಎಂದು ತಿಳಿಯಿರಿ. ಲಾಪ್ಯಾಕ್‌ನ ಮೂಲ ಕೋಡಿನ ಜೊತೆ ಪರೀಕ್ಷೆಗಳ ದೊಡ್ಡ ಗುಚ್ಛವೇ ಬರುತ್ತದೆ. ತಾವೇ ಕಂಪೈಲ್ ಮಾಡುವವರು ಆ ಪರೀಕ್ಷೆಗಳನ್ನು ಓಡಿಸದೆ ಬಳಸಬಾರದು.

ಹೇಳಿಕೆ 5: ‘ಥ್ರೆಡ್ ಹೆಚ್ಚಿಸಿದಷ್ಟೂ ವೇಗ ಹೆಚ್ಚು’

ಯಾವಾಗಲೂ ಅಲ್ಲ. ಓಪನ್‌ಬ್ಲಾಸ್ ಸಾಮಾನ್ಯವಾಗಿ ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ಬಳಸಲು ನೋಡುತ್ತದೆ. ನಿಮ್ಮ ಪ್ರೋಗ್ರಾಂ ತಾನೇ 8 ಭಾಗವಾಗಿ ಓಡುತ್ತಿದ್ದು, ಪ್ರತಿ ಭಾಗದಲ್ಲೂ ಬ್ಲಾಸ್ 8 ಥ್ರೆಡ್ ತೆರೆದರೆ 64 ಥ್ರೆಡ್ ಆಗುತ್ತವೆ. ಕೋರ್‌ಗಳು ಇರುವುದು ಎಂಟೇ. ಬೆಳಗಿನ ಕುಂದಲಹಳ್ಳಿ ಸಿಗ್ನಲ್‌ಗೆ ಇನ್ನಷ್ಟು ವಾಹನ ಬಿಟ್ಟರೆ ರಸ್ತೆ ಅಗಲವಾಗುವುದಿಲ್ಲ. ಇಂಥ ಸಂದರ್ಭದಲ್ಲಿ ಬ್ಲಾಸ್‌ನ ಥ್ರೆಡ್‌ಗಳನ್ನು 1ಕ್ಕೆ ಇಳಿಸಿದರೆ ಒಟ್ಟು ಕೆಲಸ ಬೇಗ ಮುಗಿಯಬಹುದು. ಮ್ಯಾಟ್ರಿಕ್ಸ್ ಚಿಕ್ಕದಾಗಿದ್ದರೂ ಅಷ್ಟೇ, ಕೆಲಸ ಹಂಚುವ ಖರ್ಚೇ ಕೆಲಸಕ್ಕಿಂತ ಹೆಚ್ಚಾಗುತ್ತದೆ.

ಹಾಗಾದರೆ ನಿಜವಾಗಿ ಕಂಪೈಲ್ ಮಾಡಬೇಕಾದವರು ಯಾರು?

ಸೂಪರ್ ಕಂಪ್ಯೂಟರ್ ನಡೆಸುವವರಿಗೆ ಇದು ದಿನನಿತ್ಯದ ಕೆಲಸ. ಬೆಂಗಳೂರಿಗೆ ಈ ವಿಷಯದಲ್ಲಿ ಹಳೆಯ ನಂಟಿದೆ. ಇಲ್ಲಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ ಎನ್‌ಎಎಲ್, 1986ರಲ್ಲೇ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ‘ಸಹಸ್ರಟಿ’, 2022ರಲ್ಲಿ ‘ಪರಮ್ ಪ್ರವೇಗ’ ಬಂದವು. ಪರಮ್ ಪ್ರವೇಗದ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕಗಳು. ಜಗತ್ತಿನ ಅತಿ ವೇಗದ 500 ಕಂಪ್ಯೂಟರ್‌ಗಳ ಪಟ್ಟಿ ತಯಾರಿಸಲು ಬಳಸುವ ಅಳತೆಗೋಲು ಕೂಡ ದೊಡ್ಡ ಲೀನಿಯರ್ ಸಮೀಕರಣಗಳನ್ನು ಬಿಡಿಸುವ ಲೆಕ್ಕವೇ. 2017ರ ನವೆಂಬರ್‌ನಿಂದ ಆ ಪಟ್ಟಿಯ ಅಷ್ಟೂ ಯಂತ್ರಗಳು ಲಿನಕ್ಸ್ ಮೇಲೆಯೇ ಓಡುತ್ತಿವೆ.

ಅಂಥ ಕಡೆ ಯಂತ್ರ ಒಂದೇ ಬಗೆಯದು, ನೂರಾರು ಸಂಶೋಧಕರು ಬಳಸುತ್ತಾರೆ, ಶೇ 10ರಷ್ಟು ವೇಗ ಸಿಕ್ಕರೂ ದಿನಗಟ್ಟಲೆ ಸಮಯ ಉಳಿಯುತ್ತದೆ. ಅಲ್ಲಿ ಕಂಪೈಲ್ ಮಾಡುವುದು ಸಾರ್ಥಕ. ಹಾಗೆಯೇ ಸಿದ್ಧ ಪ್ಯಾಕೇಜ್ ಸಿಗದ ಹೊಸ ಬಗೆಯ ಪ್ರೊಸೆಸರ್ ಇದ್ದರೆ, 64 ಬಿಟ್ ಪೂರ್ಣಾಂಕ ನಿಜವಾಗಿ ಬೇಕಿದ್ದರೆ, ಅಥವಾ ಕಲಿಯುವ ಆಸಕ್ತಿ ಇದ್ದರೆ ಮಾಡಬಹುದು. ಕಲಿಯುವವರು ತಮ್ಮ ಹೋಂ ಫೋಲ್ಡರ್‌ನಲ್ಲಿ ಅಥವಾ ಕಂಟೇನರ್‌ನಲ್ಲಿ ಮಾಡಲಿ, ಸಿಸ್ಟಂ ಫೋಲ್ಡರ್‌ನಲ್ಲಿರುವ ಲೈಬ್ರರಿ ಫೈಲನ್ನು ಕೈಯಿಂದ ಬದಲಿಸುವುದು ಬೇಡ.

ನೀವು ಮಾಡಬೇಕಾದದ್ದು ಇಷ್ಟೇ

• ಮೊದಲು ನಿಮ್ಮಲ್ಲಿ ಯಾವ ಬ್ಲಾಸ್ ಇದೆ ಎಂದು ನೋಡಿ. ನಂಪೈನ ‘ಶೋ ಕಾನ್ಫಿಗ್’ ಫಂಕ್ಷನ್ ಅದನ್ನು ಹೇಳುತ್ತದೆ.
• ಅಲ್ಲಿ ಓಪನ್‌ಬ್ಲಾಸ್ ಎಂದಿದ್ದರೆ ಬಹುಪಾಲು ಜನರಿಗೆ ಮುಂದೆ ಮಾಡುವುದೇನೂ ಇಲ್ಲ.
• ರೆಫರೆನ್ಸ್ ಬ್ಲಾಸ್ ಮಾತ್ರ ಇದ್ದರೆ ಪ್ಯಾಕೇಜ್ ಮ್ಯಾನೇಜರ್‌ನಿಂದಲೇ ಓಪನ್‌ಬ್ಲಾಸ್ ಹಾಕಿಕೊಳ್ಳಿ.
• ಬದಲಾವಣೆಗೆ ಮುಂಚೆ ಮತ್ತು ನಂತರ ಒಂದೇ ಲೆಕ್ಕವನ್ನು ಓಡಿಸಿ ಸಮಯ ಬರೆದುಕೊಳ್ಳಿ. ವ್ಯತ್ಯಾಸ ಕಾಣದಿದ್ದರೆ ನಿಧಾನಕ್ಕೆ ಕಾರಣ ಬೇರೆ ಎಲ್ಲೋ ಇದೆ. ಎಷ್ಟೋ ಸಲ ಅದು ಫೈಲ್ ಓದುವುದು ಅಥವಾ ನಾವೇ ಬರೆದ ಫಾರ್ ಲೂಪ್ ಆಗಿರುತ್ತದೆ.
• ಪ್ರತಿ ಪ್ರಾಜೆಕ್ಟ್‌ಗೂ ಪ್ರತ್ಯೇಕ ವೆನ್ವ್ ಇರಲಿ.

ಫಾರ್ವರ್ಡ್ ಮಾಡುವ ಮುನ್ನ

ಕಮಾಂಡ್ ಇರುವ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ವರ್ಷದ್ದು, ಯಾವ ಆವೃತ್ತಿಗೆ? ಇದರಲ್ಲಿ ಸುಡೊ ಇದೆಯೇ? ಇಂಟರ್ನೆಟ್‌ನಿಂದ ಏನನ್ನೋ ತಂದು ಓದದೆಯೇ ನೇರವಾಗಿ ಓಡಿಸುತ್ತದೆಯೇ? ಎರಡನೆಯ ಅಥವಾ ಮೂರನೆಯ ಪ್ರಶ್ನೆಗೆ ‘ಹೌದು’ ಎಂದಾದರೆ, ಗೊತ್ತಿರುವವರನ್ನು ಕೇಳದೆ ಓಡಿಸಬೇಡಿ.

ಇದು ಅತಿ ಎಚ್ಚರಿಕೆ ಅಲ್ಲ. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಜೆಡ್’ ಎಂಬ ಪುಟ್ಟ ಲಿನಕ್ಸ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಅಡಗಿಸಿಟ್ಟದ್ದು ಬಯಲಾಯಿತು. ದುಷ್ಟ ಕೋಡ್ ಚುರುಕಾಗುತ್ತಿದ್ದುದು ಪ್ಯಾಕೇಜ್ ಕಟ್ಟುವ ಹಂತದಲ್ಲಿ. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಅನುಮಾನಗೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆ ಮಾಡಿದರು. ಡೆಬಿಯನ್, ಫೆಡೋರಾಗಳ ಪರೀಕ್ಷಾ ಹಂತದ ಆವೃತ್ತಿಗಳಿಗೆ ಅದು ತಲುಪಿತ್ತು. ಎಲ್ಲರೂ ಬಳಸುವ ಸ್ಥಿರ ಆವೃತ್ತಿಗಳಿಗೆ ಸೇರುವ ಮೊದಲೇ ಸಿಕ್ಕಿಬಿತ್ತು. ಇಷ್ಟೊಂದು ಕಣ್ಣುಗಳಿರುವ ಕಡೆಯೇ ಹೀಗಾದರೆ, ಯಾರು ಬರೆದರೆಂದೇ ಗೊತ್ತಿಲ್ಲದ ಫಾರ್ವರ್ಡ್‌ನ ಗತಿ ಏನು?

ನಮ್ಮ ತೀರ್ಮಾನ: ‘ಕಂಪೈಲ್ ಮಾಡಿದರೆ ಹತ್ತು ಪಟ್ಟು ವೇಗ’ ಅರ್ಧ ಸತ್ಯ. ‘ಎಎಂಡಿಗೆ ಒಂದು ಸಾಲಿನ ಮದ್ದು’ ಅವಧಿ ಮುಗಿದ ಮಾತು. ‘ಸುಡೊ ಹಾಕಿ’ ಅಪಾಯಕಾರಿ. ‘ಉತ್ತರ ಬೇರೆಯಾದರೆ ವೈರಸ್’ ಸುಳ್ಳು. ‘ಥ್ರೆಡ್ ಹೆಚ್ಚಿದಷ್ಟೂ ವೇಗ’ ಯಾವಾಗಲೂ ನಿಜವಲ್ಲ. ಆ ಕಮಾಂಡ್ ನಿಮ್ಮ ಗ್ರೂಪಿಗೆ ಮತ್ತೆ ಬಂದಾಗ ಉತ್ತರವಾಗಿ ಈ ಲೇಖನ ಕಳಿಸಿ.